ಬಸುರಿಗೆಂದು ಆರಿಸಿದ ಪಾತ್ರೆಗಳು

ಅತ್ತೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ತಂದು ಒಗೆಯುವ ಕಲ್ಲಿನ ಸುತ್ತ ಹರಡಿದ ದಿನ, ನಾನು ಬಸುರಿ ಎನ್ನುವುದು ನಮಗೆ ಗೊತ್ತಾಗಿ ಇನ್ನೂ ವಾರವಾಗಿರಲಿಲ್ಲ. ಅದಕ್ಕೆ ಮುಂಚೆ ಎರಡು ಸಲ ನಿಂತು ಎರಡು ಸಲವೂ ಹೋಗಿತ್ತು. ಮೊದಲನೆಯದು ಹೋದಾಗ ನೆಂಟರಿಷ್ಟರು ಬಂದು, ಇದೆಲ್ಲ ಆಗುತ್ತೆ, ಇನ್ನೂ ವಯಸ್ಸಿದೆ ಎಂದು ಸಮಾಧಾನ ಹೇಳಿದ್ದರು. ಎರಡನೆಯದು ಹೋದಾಗ ಬಂದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು ಸುಮ್ಮನೆ ಎದ್ದು ಹೋದರು. ನನಗೆ ಮೂವತ್ತೆಂಟು ನಡೆಯುತ್ತಿತ್ತು. ಈ ಮಗು ಉಳಿಯಬೇಕು, ಉಳಿದು ನೆಟ್ಟಗೆ ಹುಟ್ಟಬೇಕು ಎನ್ನುವುದನ್ನು ಬಿಟ್ಟರೆ ಆ ಮನೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

ಮನೆ ಮಲ್ಲೇಶ್ವರದ ಒಂದು ಕ್ರಾಸಿನಲ್ಲಿದೆ. ಎರಡು ಪಕ್ಕದಲ್ಲೂ ಅಪಾರ್ಟ್‌ಮೆಂಟ್ ಎದ್ದು, ಮಧ್ಯಾಹ್ನ ಮೂರಕ್ಕೇ ಅಡುಗೆಮನೆಯಲ್ಲಿ ಲೈಟು ಹಾಕಿಕೊಳ್ಳಬೇಕು. ಅತ್ತೆ, ನನ್ನ ಗಂಡ, ನಾನು, ಮೂರೇ ಜನ. ಮಾವ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಕೌಂಟರಿನ ಹಿಂದೆ ಕೂತು ಜನರನ್ನು ಗದರಿಸಿದ ಅಭ್ಯಾಸ ಹಾಗೇ ಉಳಿದಿತ್ತು. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವಳು, ನನ್ನದೂ ಸುಮ್ಮನಿರುವ ಬಾಯಲ್ಲ. ನಮ್ಮಿಬ್ಬರ ಮಧ್ಯೆ ನನ್ನ ಗಂಡ ಪೇಪರು ಅಡ್ಡ ಹಿಡಿದುಕೊಂಡು ಬದುಕುತ್ತಿದ್ದ. ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಬಸುರಿಯ ಬಯಕೆಯಿಂದ ಹಿಡಿದು ಬಾಣಂತನದವರೆಗೆ ಎಲ್ಲವೂ ಅತ್ತೆಯ ಪಾಲಿಗೇ ಬಂದಿತ್ತು.

ಹಿಂದಿನ ಎರಡೂ ಬಸಿರು ಹೋದದ್ದು ಪಾತ್ರೆಗಳಿಂದ ಎಂದು ಅತ್ತೆ ತೀರ್ಮಾನ ಮಾಡಿಬಿಟ್ಟಿದ್ದರು. ಅವರ ಫೋನಿಗೆ ಬೆಳಗಾದರೆ ಅದೇ ಥರದ ವಿಡಿಯೋಗಳು ಬರುತ್ತಿದ್ದವು. ನಾನು ನಕ್ಕರೆ ಅವರು ನಾನ್‌ಸ್ಟಿಕ್ ತವಾ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. ಅದರ ನಡುವೆ ಅಂಗೈಯಗಲ ಕಪ್ಪು ಎದ್ದುಹೋಗಿ ಬಿಳಿಯ ಲೋಹ ಕಾಣುತ್ತಿತ್ತು.

"ಇಲ್ಲಿದ್ದ ಕಪ್ಪು ಎಲ್ಲಿಗೆ ಹೋಯ್ತು ಹೇಳು. ದೋಸೆ ಜೊತೆ ನಿನ್ನ ಹೊಟ್ಟೆಗೆ ತಾನೇ ಹೋಗಿದ್ದು?"

"ನಿಮ್ಮ ಹೊಟ್ಟೆಗೂ ಹೋಗಿದೆಯಲ್ಲ ಅತ್ತೆ."

"ನನ್ನ ಹೊಟ್ಟೇಲಿ ಏನಿದೆ ಈಗ? ಯಾವ ಸುಟ್ಟ ಬೂದಿ ಹೋದ್ರೂ ಆಗುತ್ತೆ. ನಿನ್ನದು ಹಾಗಲ್ಲ ಕಣೇ."

ನಿಜ ಹೇಳಬೇಕೆಂದರೆ, ಎರಡು ಸಲ ಕಳೆದುಕೊಂಡವಳಿಗೆ ಯಾರಾದರೂ ಕಾರಣವೊಂದನ್ನು ಕೈಗೆ ಕೊಟ್ಟರೆ ಸಾಕಾಗಿರುತ್ತದೆ. ಡಾಕ್ಟರು ಕಾರಣವಿಲ್ಲ ಎಂದಿದ್ದರು. ಕಾರಣವಿಲ್ಲ ಎಂದರೆ ಮತ್ತೆ ಹಾಗೇ ಆಗಬಹುದು ಎಂದೇ ಅರ್ಥ. ಅದಕ್ಕಿಂತ ಕಪ್ಪು ಎದ್ದುಹೋದ ತವಾ ವಾಸಿ, ಅದನ್ನು ಎತ್ತಿ ಹೊರಗೆ ಹಾಕಬಹುದು. ನಾನೂ ಸೀರೆ ಎತ್ತಿ ಕಟ್ಟಿಕೊಂಡು ಪಾತ್ರೆಗಳ ಮಧ್ಯೆ ಕೂತೆ.

ಮೂರು ಜನರ ಮನೆಗೆ ನಿಜವಾಗಿ ಎಷ್ಟು ಪಾತ್ರೆ ಬೇಕು ಎಂದು ಕೂತು ಯೋಚಿಸಿದ್ದು ಅದೇ ಮೊದಲು. ಮದುವೆಗೆ ಬಂದ ಉಡುಗೊರೆ, ಗೃಹಪ್ರವೇಶಗಳಲ್ಲಿ ಕೊಟ್ಟ ಡಬರಿ, ಯಾರೋ ಸೇಲಿನಲ್ಲಿ ತಂದ ಸೆಟ್ಟು, ಹಿಡಿ ಕಳಚಿದ ಬಾಂಡ್ಲಿ, ಮುಚ್ಚಳವಿಲ್ಲದ ಪಾತ್ರೆ, ಪಾತ್ರೆಯಿಲ್ಲದ ಮುಚ್ಚಳ. ಅಲ್ಯೂಮಿನಿಯಂ ಒಂದೂ ಬೇಡ ಎಂದರು ಅತ್ತೆ. ನಾನು ಒಪ್ಪಿದೆ, ಹುಳಿ ಹಾಕಿದರೆ ಅದರ ಒಳಮೈ ಕಪ್ಪಾಗುವುದನ್ನು ನಾನೇ ನೋಡಿದ್ದೆ. ದೋಸೆ, ರೊಟ್ಟಿಗೆ ಒಂದು ಕಬ್ಬಿಣದ ಕಾವಲಿ. ಪಲ್ಯಕ್ಕೆ, ಒಗ್ಗರಣೆಗೆ ಒಂದು ಕಬ್ಬಿಣದ ಬಾಂಡ್ಲಿ. ರಕ್ತಕ್ಕೂ ಒಳ್ಳೆಯದು ಎಂದು ಅವರು ಎರಡು ಸಲ ಹೇಳಿದರು. ಹುಳಿ, ಪಾಯಸಕ್ಕೆ ದಪ್ಪ ತಳದ ಸ್ಟೀಲ್ ಪಾತ್ರೆ ಒಂದು. ಅನ್ನ ಬೇಳೆಗೆ ಸ್ಟೀಲ್ ಕುಕ್ಕರ್ ಇರಲೇಬೇಕು ಎಂದು ನಾನು ಹಟ ಹಿಡಿದೆ; ಅವರು ಅನ್ನ ಬಸಿದೇ ಮಾಡೋಣ ಎನ್ನುತ್ತಿದ್ದರು. ಬಸಿಯುವವರು ಯಾರು, ಏಳು ಗಂಟೆಗೆ ಕಾಲೇಜಿಗೆ ಓಡುವ ನಾನಾ ಎಂದು ಕೇಳಿದ ಮೇಲೆ ಕುಕ್ಕರಿಗೆ ಜಾಗ ಸಿಕ್ಕಿತು. ಹಾಲಿಗೆ ಒಂದು. ಸಾರಿಗೆ ಈಯದ ಚೆಂಬು.

ಇವತ್ತಿಗೂ ಈ ಆಯ್ಕೆಯಲ್ಲಿ ಕೊನೆಯದೊಂದನ್ನು ಬಿಟ್ಟರೆ ತಪ್ಪು ಹುಡುಕಲಾರೆ. ಹೊಸದಾಗಿ ಸಂಸಾರ ಹೂಡುವ ಯಾರು ಕೇಳಿದರೂ ನಾನು ಇಷ್ಟನ್ನೇ ಹೇಳುತ್ತೇನೆ. ಒಳ್ಳೆಯ ಐದು ಪಾತ್ರೆಯಲ್ಲಿ ವರ್ಷಪೂರ್ತಿ ಅಡುಗೆ ಮಾಡಬಹುದು, ಉಳಿದದ್ದೆಲ್ಲ ಅಟ್ಟ ತುಂಬಿಸುವುದಕ್ಕೆ.

ಈಯದ ಚೆಂಬನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಈಯ ಎಂದರೆ ತವರ, ಮೆತ್ತನೆಯ ಬಿಳಿ ಲೋಹ. ಚೆಂಬಿನಲ್ಲಿ ಮೊದಲು ಹುಣಿಸೆ ನೀರು ಸುರಿದು ಆಮೇಲೆ ಸಣ್ಣ ಉರಿಯ ಮೇಲಿಡಬೇಕು. ಖಾಲಿ ಚೆಂಬು ಉರಿಯ ಮೇಲಿಟ್ಟರೆ ಕರಗಿ ಒಲೆಯ ಮೇಲೇ ಹರಿಯುತ್ತದೆ. ಅದರಲ್ಲಿ ಕುದಿದ ಸಾರಿಗೆ ಬೇರೆ ಯಾವ ಪಾತ್ರೆಯಲ್ಲೂ ಬರದ ರುಚಿಯಿದೆ ಎಂದು ಅತ್ತೆಯ ಕಡೆಯವರೆಲ್ಲ ಆಣೆ ಹಾಕಿ ಹೇಳುತ್ತಾರೆ. ನಮ್ಮ ಮನೆಯ ಚೆಂಬು ಅತ್ತೆಯ ಅತ್ತೆಯದು. ಸೊಟ್ಟಗಾಗಿ, ತೆಳ್ಳಗಾಗಿ, ಈಚೆಗೆ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಅದನ್ನು ಹಾಕಿ ಹೊಸದು ತರೋಣ ಎಂದರು ಅತ್ತೆ. ಬಸುರಿಗೆ ಬಾಯಿ ಕೆಟ್ಟಾಗ ಈಯದ ಚೆಂಬಿನ ತಿಳಿಸಾರಿಗಿಂತ ಔಷಧಿ ಇಲ್ಲ ಎಂಬುದು ಅವರ ನಂಬಿಕೆ.

ಒಂದು ಶನಿವಾರ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಬಳೇಪೇಟೆಯ ಕಡೆ ನಡೆದೆವು. ಹಳೆಯ ಚೆಂಬು ಅತ್ತೆಯ ಬಟ್ಟೆ ಚೀಲದಲ್ಲಿತ್ತು. ಕೈಗಾಡಿ, ಸ್ಕೂಟರುಗಳ ನಡುವೆ ಯಾರೂ ನನಗೆ ತಾಗಬಾರದೆಂದು ಅವರು ಒಂದು ಕೈಯನ್ನು ನನ್ನ ಹೊಟ್ಟೆಯ ಮುಂದೆ ಅಡ್ಡ ಹಿಡಿದುಕೊಂಡೇ ನಡೆದರು. ಹೊಟ್ಟೆ ಇನ್ನೂ ಕಾಣುತ್ತಲೂ ಇರಲಿಲ್ಲ. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ನನ್ನಮ್ಮ ಇದ್ದಿದ್ದರೂ ಹೀಗೆ ಕರೆದುಕೊಂಡು ಹೋಗುತ್ತಿದ್ದಳೋ ಇಲ್ಲವೋ.

ಅಂಗಡಿಯವನು ಹಳೆಯ ಚೆಂಬನ್ನು ಕೈಗೆ ತೆಗೆದುಕೊಂಡು ಅಂಚನ್ನು ಹೆಬ್ಬೆರಳಿನಿಂದ ಒತ್ತಿದ. ಲೋಹದೊಳಗಿಂದ ಚಿಟಚಿಟ ಎಂದು ಸಣ್ಣ ಸದ್ದು ಬಂತು, ಕಡ್ಡಿ ಮುರಿದ ಹಾಗೆ. "ಹಳೇ ಮಾಲು, ಚೆನ್ನಾಗಿದೆ" ಎಂದು ಅದನ್ನು ಕೌಂಟರಿನ ಕೆಳಗಿಟ್ಟ. ಆಮೇಲೆ ಮೂರು ಹೊಸ ಚೆಂಬುಗಳನ್ನು ನಮ್ಮ ಮುಂದೆ ಸಾಲಾಗಿ ಇಟ್ಟ. ಅವುಗಳ ಅಂಚನ್ನು ಅವನು ಒತ್ತಲಿಲ್ಲ, ನಾವೂ ಒತ್ತಲಿಲ್ಲ.

ಪಾತ್ರೆ ಕೊಳ್ಳುವಾಗ ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೋ ಅತ್ತೆ ಅದನ್ನೇ ಮಾಡಿದರು. ಒಂದೊಂದನ್ನೇ ಅಂಗೈ ಮೇಲಿಟ್ಟುಕೊಂಡು ಮೇಲೆ ಕೆಳಗೆ ಆಡಿಸಿ ತೂಗಿ ನೋಡಿದರು. ತಾಯಂದಿರು ಮಗಳಿಗೆ ಕಲಿಸುವುದೂ ಇದನ್ನೇ, ತೆಳ್ಳಗಿರುವುದು ಮೋಸ, ತೂಕವಿದ್ದದ್ದು ಬಾಳಿಕೆ. ಸ್ಟೀಲಿಗೆ, ಹಿತ್ತಾಳೆಗೆ, ಕಬ್ಬಿಣಕ್ಕೆ ಅದು ಸರಿಯೂ ಹೌದು. ಮೂರನೆಯ ಚೆಂಬು ಕೈಗೆ ಬಂದಾಗ ಅತ್ತೆಯ ಮುಖ ಅರಳಿತು.

"ಹಿಡಿದು ನೋಡು, ಎಷ್ಟು ಗಟ್ಟಿಯಾಗಿದೆ. ನಿನ್ನ ಮಗಳ ಮದುವೆವರೆಗೂ ಬರುತ್ತೆ."

ನಾನು ಹಿಡಿದು ನೋಡಿದೆ. ಅಷ್ಟು ಚಿಕ್ಕ ಪಾತ್ರೆಗೆ ಅಷ್ಟು ಭಾರವೇ ಎಂದು ಮಣಿಕಟ್ಟು ಒಂದು ಕ್ಷಣ ಕುಸಿಯಿತು. ಅದನ್ನೇ ಕೊಂಡೆವು.

ಹೊಸ ಚೆಂಬಿನ ಮೊದಲ ಸಾರು ಕುಡಿದ ನನ್ನ ಗಂಡ, "ಏನಮ್ಮ, ಬೆಲ್ಲ ಜಾಸ್ತಿ ಹಾಕಿದ್ಯಾ?" ಎಂದ. ಅತ್ತೆ ಬೆಲ್ಲವನ್ನೇ ಮರೆತಿದ್ದರು. ಹುಣಿಸೆಯ ಹುಳಿಗೆ ಇರಬೇಕಾದ ಮೊನೆ ಇರಲಿಲ್ಲ, ನಾಲಿಗೆಯ ಹಿಂದೆ ಸಣ್ಣಗೆ ಸಿಹಿ ನಿಲ್ಲುತ್ತಿತ್ತು. "ನೋಡಿದ್ರಾ, ಈಯದ ಗುಣ ಅದು" ಎಂದು ಅತ್ತೆ ಹಿಗ್ಗಿದರು. ಅಂದಿನಿಂದ ಸಾರಿಗೆ ಬೆಲ್ಲ ಹಾಕುವುದನ್ನೇ ಬಿಟ್ಟರು. ನನಗೆ ಬೇರೆ ಏನೂ ಸೇರದ ತಿಂಗಳುಗಳು ಅವು. ಅನ್ನದ ಮೇಲೆ ತಿಳಿಸಾರು, ಮಧ್ಯಾಹ್ನ ಬಂದ ಮೇಲೆ ಲೋಟದಲ್ಲಿ ಬಿಸಿ ಸಾರು, ರಾತ್ರಿ ಮತ್ತೆ ಸಾರು. ವಾಂತಿ ನಿಂತಿತು. ಅತ್ತೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಮೂರು ತಿಂಗಳು ದಾಟಿತು. ಹಿಂದಿನ ಎರಡೂ ಅಷ್ಟರೊಳಗೇ ಹೋಗಿದ್ದವು, ಹಾಗಾಗಿ ಮನೆಯಲ್ಲಿ ಎಲ್ಲರೂ ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟರು. ನನಗೆ ಮಾತ್ರ ಸುಸ್ತು ಹೋಗಲಿಲ್ಲ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಹೊಟ್ಟೆಯಲ್ಲಿ ಆಗಾಗ ಬಟ್ಟೆ ಹಿಂಡಿದ ಹಾಗೆ ನೋವು, ದಿನಗಟ್ಟಲೆ ಮಲಬದ್ಧತೆ. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಎಲ್ಲರೂ ಹೇಳಿದರು, ನಾನೂ ನನಗೆ ಹೇಳಿಕೊಂಡೆ. ಕಬ್ಬಿಣದ ಮಾತ್ರೆ ನುಂಗಿದರೂ, ಕಬ್ಬಿಣದ ಬಾಂಡ್ಲಿಯ ಸೊಪ್ಪಿನ ಪಲ್ಯ ತಿಂದರೂ ರಕ್ತ ಏರಲಿಲ್ಲ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತಿತ್ತು. ಅತ್ತೆ ಇನ್ನೊಂದು ಲೋಟ ಸಾರು ತಂದುಕೊಡುತ್ತಿದ್ದರು.

ಅವರಿಗೂ ಆರಾಮವಿರಲಿಲ್ಲ. ಹೊಟ್ಟೆ ನುಲಿಯುತ್ತೆ ಎಂದು ಓಮದ ನೀರು ಕುಡಿದು, ಗ್ಯಾಸು ಎಂದು ಮುಗಿಸುತ್ತಿದ್ದರು. ಮುಂಜಾನೆ ಗೇಟಿನ ಮುಂದೆ ಚುಕ್ಕಿ ಇಟ್ಟು ಎಳೆಯುತ್ತಿದ್ದ ದೊಡ್ಡ ರಂಗೋಲಿ ಚಿಕ್ಕದಾಯಿತು, ಆಮೇಲೆ ಎರಡು ಗೆರೆಯ ನಕ್ಷತ್ರವಾಯಿತು. ಆ ಗೆರೆಯೂ ಅಲುಗುತ್ತಿತ್ತು. ಒಂದು ದಿನ ಬಡಿಸುವಾಗ ಸೌಟು ಅವರ ಕೈಯಿಂದ ಜಾರಿ ತಟ್ಟೆಯ ಮೇಲೆ ಬಿತ್ತು. ಬಿದ್ದ ಸೌಟನ್ನು ಎತ್ತಲು ಹೋದಾಗ ಅವರ ಅಂಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು. ಅವರು ಎಡಗೈಯಿಂದ ಬಲಗೈಯನ್ನು ಎತ್ತಿಕೊಂಡರು. ನನ್ನ ಕಡೆ ನೋಡಿ, "ವಯಸ್ಸಾಯ್ತಲ್ವಾ" ಎಂದು ನಕ್ಕರು. ನಕ್ಕಾಗ ಅವರ ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆಯೊಂದು ಕಂಡಿತು. ಎಲೆಯಡಿಕೆ ಹಾಕುವವರಲ್ಲ ಅವರು. ನೆರಳಿರಬೇಕು ಅಂದುಕೊಂಡೆ.

ಒಲೆಯ ಪಕ್ಕದ ಬಟ್ಟೆಯನ್ನೂ ನೋಡಿದ್ದೆ. ಬಿಸಿ ಪಾತ್ರೆ ಇಳಿಸುವ ಬಿಳಿ ಬಟ್ಟೆ ಎಷ್ಟು ಒಗೆದರೂ ಸೀಸದಕಡ್ಡಿ ಗೀಚಿದ ಹಾಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಗ್ಯಾಸ್ ಒಲೆಯ ಮನೆಯಲ್ಲಿ ಮಸಿ ಎಲ್ಲಿಂದ ಬಂತು ಎಂದು ಒಂದು ಸಲ ಕೇಳಿದ್ದೆ ಕೂಡ. ಅತ್ತೆ ಶುಕ್ರವಾರಕ್ಕೊಮ್ಮೆ ಚೆಂಬನ್ನು ಹುಣಿಸೆಹಣ್ಣು ಹಾಕಿ ಒಳಗೂ ಹೊರಗೂ ತಿಕ್ಕಿ ಹೊಳೆಯಿಸುತ್ತಿದ್ದರು. ಹೊಸ ಪಾತ್ರೆ, ಮೊದಮೊದಲು ಬಣ್ಣ ಬಿಡುತ್ತೆ ಎಂದರು.

ಆರನೆಯ ತಿಂಗಳಿನಲ್ಲಿ ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ವಯಸ್ಸಾದ ಹೆಂಗಸು, ಮಾತು ಕಡಿಮೆ. ಮಾತ್ರೆ ಸರಿಯಾಗಿ ತಗೋತಿದೀರಾ ಎಂದರು. ಹೌದು ಎಂದೆ. ಮನೆಯಲ್ಲಿ ಮಾಡಿದ ಕಾಡಿಗೆ ಹಚ್ಚುತ್ತೀರಾ, ಯಾವುದಾದರೂ ಭಸ್ಮ, ನಾಟಿ ಔಷಧಿ ನುಂಗುತ್ತೀರಾ ಎಂದರು. ಇಲ್ಲ ಎಂದೆ. ಏನೋ ಬರೆಯುತ್ತಾ, ತಲೆ ಎತ್ತದೆಯೇ ಕೇಳಿದರು.

"ಅಡುಗೆ ಯಾವ ಪಾತ್ರೇಲಿ ಮಾಡ್ತೀರಾ?"

ನನಗೆ ಖುಷಿಯಾಯಿತು. ಪರೀಕ್ಷೆಯಲ್ಲಿ ಓದಿಕೊಂಡ ಪ್ರಶ್ನೆಯೇ ಬಂದಿತ್ತು. ನಾನ್‌ಸ್ಟಿಕ್ ಎಲ್ಲ ತೆಗೆದುಹಾಕಿದ್ದೇವೆ, ಅಲ್ಯೂಮಿನಿಯಂ ಇಲ್ಲ, ಕಬ್ಬಿಣ, ಸ್ಟೀಲು, ಸಾರಿಗೆ ಈಯದ ಚೆಂಬು ಎಂದು ಹೇಳಿದೆ. ಡಾಕ್ಟರ ಪೆನ್ನು ನಿಂತಿತು.

"ಹಳೇದಾ, ಹೊಸದಾ?"

"ಹೊಸದು. ಮೂರನೇ ತಿಂಗಳಿಗೂ ಮುಂಚೆ ತಗೊಂಡಿದ್ದು."

"ಸಾರು ದಿನಾ ಕುಡೀತೀರಾ?"

"ದಿನಾ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಈಗ ಸಿಗುವ ಈಯದಲ್ಲಿ ಎಷ್ಟೋ ಕಡೆ ಸೀಸ ಬೆರೆಸಿರುತ್ತಾರೆ, ಅದು ಅಗ್ಗ, ಈಯಕ್ಕಿಂತ ಭಾರ, ಹುಳಿ ಕುದಿದರೆ ಕರಗಿ ಸಣ್ಣಗೆ ಸಿಹಿಯಾಗಿ ಸಾರಿಗೆ ಇಳಿಯುತ್ತದೆ, ತಾಯಿಯ ರಕ್ತದಿಂದ ಮಗುವಿಗೆ ಹೋಗುತ್ತದೆ ಎಂದರು. ಮಗುವಿಗೆ ಏನಾಗುತ್ತೆ ಎಂದು ಕೇಳಿದೆ. "ಮಿದುಳಿಗೆ ಏಟು ಬೀಳಬಹುದು. ಬುದ್ಧಿ, ಮಾತು, ಕಲಿಯೋದು. ಆಗುತ್ತೆ ಅಂತ ಹೇಳ್ತಿಲ್ಲ, ಆಗಬಹುದು. ಮೊದಲು ರಕ್ತ ಕೊಡಿ. ಮನೇಲಿ ಆ ಸಾರು ಕುಡಿದವರೆಲ್ಲ ಕೊಡಲಿ." ಇಷ್ಟನ್ನೂ ಅವರು ಮೆಲ್ಲಗೇ ಹೇಳಿದರು. ಹೊರಗೆ ಬಂದರೆ ಕಾರಿಡಾರಿನಲ್ಲಿ ಬಸುರಿಯರು ಸಾಲಾಗಿ ಕೂತಿದ್ದರು, ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬ ಅಮ್ಮ, ಅಥವಾ ಅತ್ತೆ, ಡಬ್ಬಿಯಲ್ಲಿ ಊಟ.

ಮನೆಗೆ ಬಂದಾಗ ಚೆಂಬು ಒಲೆಯ ಮೇಲೆ ಕುದಿಯುತ್ತಿತ್ತು, ಇಂಗಿನ ಒಗ್ಗರಣೆಯ ವಾಸನೆ ಬಾಗಿಲವರೆಗೂ ಬಂದಿತ್ತು. ಹೊಟ್ಟೆ ಹಸಿದಿತ್ತು, ಬಾಯಲ್ಲಿ ನೀರೂ ಬಂತು, ಅದಕ್ಕೇ ನನಗೆ ಹೇಸಿಗೆಯಾಯಿತು. ಒಲೆ ಆರಿಸಿ, ಸಾರನ್ನು ಸಿಂಕಿಗೆ ಸುರಿದೆ. ಅತ್ತೆ, "ಏನೇ ಇದು, ತಲೆ ಕೆಟ್ಟಿದೆಯಾ?" ಎಂದು ಕೂಗಿದರು. ನಾನು ಚೆಂಬನ್ನು ತಣ್ಣೀರಿಗೆ ಹಿಡಿದು, ಅಂಚನ್ನು ಹೆಬ್ಬೆರಳಿನಿಂದ ಒತ್ತಿದೆ. ಅಂಚು ಬಗ್ಗಿತು. ಸದ್ದು ಬರಲಿಲ್ಲ. ಇನ್ನೊಂದು ಕಡೆ ಒತ್ತಿದೆ, ಅಲ್ಲೂ ಬರಲಿಲ್ಲ. ಕ್ಯಾಲೆಂಡರಿನ ಹಿಂಬದಿಯ ಬಿಳಿ ಹಾಳೆಯ ಮೇಲೆ ಅದರ ತಳವನ್ನು ಎಳೆದರೆ ಬೂದು ಬಣ್ಣದ ಗೆರೆ ಮೂಡಿತು.

ಡಾಕ್ಟರು ಹೇಳಿದ್ದನ್ನು ನಾನು ನಿಂತುಕೊಂಡೇ ಹೇಳಿದೆ. ಮೆಲ್ಲಗೆ ಹೇಳಬಹುದಿತ್ತು, ಹೇಳಲಿಲ್ಲ. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಜೀವಮಾನದಲ್ಲಿ ಯಾರ ಮೇಲೂ ಬಂದಿಲ್ಲ. ಅತ್ತೆ ಕೂಗಾಡಲಿಲ್ಲ. ಡೈನಿಂಗ್ ಟೇಬಲಿನ ಕುರ್ಚಿ ಎಳೆದುಕೊಂಡು ಕೂತು, ಜೋತುಬಿದ್ದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, "ನೀನು ಎಷ್ಟು ಕುಡಿದಿದೀಯ?" ಎಂದು ಕೇಳಿದರು. ಯಾರಿಗೆ ಗೊತ್ತು. ಎಷ್ಟು ಲೋಟ ಅವರು ಕೊಟ್ಟರೋ ಅಷ್ಟೂ.

ಮೂವರೂ ರಕ್ತ ಕೊಟ್ಟು ಬಂದು ಫಲಿತಾಂಶಕ್ಕೆ ಕಾದೆವು. ಮಗು ಒಳಗೆ ಒದೆಯುತ್ತಿತ್ತು. ಮೊದಲು ಒದ್ದಾಗಲೆಲ್ಲ ಗಂಡನ ಕೈ ಎಳೆದು ಹೊಟ್ಟೆಯ ಮೇಲಿಡುತ್ತಿದ್ದೆ. ಈಗ ಒದೆತ ಜೋರಾದರೆ ಯಾಕೆ ಜೋರು, ಸುಮ್ಮನಾದರೆ ಯಾಕೆ ಸುಮ್ಮನೆ ಎಂದು ಹೆದರಿಕೆ. ಫಲಿತಾಂಶ ಬಂತು. ಗಂಡನದು ಪರವಾಗಿಲ್ಲ; ಮಧ್ಯಾಹ್ನದ ಊಟ ಆಫೀಸಿನಲ್ಲೇ, ರಾತ್ರಿ ಅವನಿಗೆ ಮೊಸರನ್ನವೇ ಹೆಚ್ಚು. ನನ್ನದು ಇರಬಾರದಷ್ಟು ಇತ್ತು. ಅತ್ತೆಯದು ನನ್ನದರ ಎರಡರಷ್ಟಕ್ಕೂ ಹೆಚ್ಚು.

ಅವರದು ಯಾಕೆ ಅಷ್ಟು ಎಂದು ಡಾಕ್ಟರಿಗೂ ಮೊದಲು ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಮೇಲಿನ ತಿಳಿಯನ್ನೆಲ್ಲ ಬಸುರಿಗೆ ಬಗ್ಗಿಸಿ, ಕೊನೆಯಲ್ಲಿ ಊಟಕ್ಕೆ ಕೂತು ತಳದ ಗಸಿಯನ್ನು ಅನ್ನಕ್ಕೆ ಸುರಿದುಕೊಳ್ಳುತ್ತಿದ್ದವರು ಅವರು. ರಾತ್ರಿ ಉಳಿದದ್ದು ಅದೇ ಚೆಂಬಿನಲ್ಲೇ ಇರುತ್ತಿತ್ತು. ಬೆಳಿಗ್ಗೆ ಚೆಲ್ಲಬಾರದೆಂದು ಕುದಿಸಿ ಅವರೇ ಮುಗಿಸುತ್ತಿದ್ದರು. ಬಸುರಿಗೆ ಹಳಸಲು ಕೊಡಬಾರದಲ್ಲ.

ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿ ಔಷಧಿ ಕೊಟ್ಟರು. ಬಸುರಿಗೆ ಆ ಔಷಧಿ ಕೊಡುವ ಹಾಗಿರಲಿಲ್ಲ. ಒಳಗೆ ಹೋದದ್ದರಲ್ಲಿ ಸ್ವಲ್ಪ ಹೊರಗೆ ಹೋಗುತ್ತೆ, ಉಳಿದದ್ದು ಮೂಳೆಗೆ ಸೇರಿಕೊಳ್ಳುತ್ತೆ, ವರ್ಷಗಟ್ಟಲೆ ಅಲ್ಲೇ ಇರುತ್ತೆ ಎಂದರು ಡಾಕ್ಟರು. ಮಗುವಿಗೆ ಸುಣ್ಣದಂಶ ಸಾಲದಿದ್ದರೆ ಅದು ತಾಯಿಯ ಮೂಳೆಯಿಂದ ಎಳೆದುಕೊಳ್ಳುತ್ತೆ, ಅದರ ಜೊತೆ ಇದೂ ಮತ್ತೆ ರಕ್ತಕ್ಕೆ ಬರುತ್ತೆ. ಅದಕ್ಕೇ ಹಾಲು ಕುಡಿಯಿರಿ, ಮಾತ್ರೆ ತಪ್ಪಿಸಬೇಡಿ ಎಂದರು. ನಾನು ಹಾಲು ಕುಡಿದೆ, ಮಾತ್ರೆ ನುಂಗಿದೆ, ದಿನವೂ ನನ್ನ ಮೂಳೆಗಳ ಬಗ್ಗೆ ಯೋಚಿಸಿದೆ. ನನ್ನದೇ ಮೈಯನ್ನು ನಾನು ಹೀಗೆ ಅನುಮಾನದಿಂದ ನೋಡಿದ್ದು ಅದೇ ಮೊದಲು.

ಒಂದು ದಿನ ಚೆಂಬನ್ನು ಚೀಲಕ್ಕೆ ಹಾಕಿಕೊಂಡು ಗಂಡನ ಜೊತೆ ಬಳೇಪೇಟೆಗೆ ಹೋದೆ. ಅಂಗಡಿಯಲ್ಲಿ ಅದೇ ಥರದ ಚೆಂಬುಗಳು ಸಾಲಾಗಿ ಹೊಳೆಯುತ್ತಿದ್ದವು. ಹಳೆಯದು ಎಲ್ಲಿ ಎಂದು ಕೇಳಿದೆ. ಅದು ಆವತ್ತೇ ಕರಗಿಸೋಕೆ ಹೋಯ್ತಲ್ಲ ಮೇಡಂ ಎಂದ. ಇದರಲ್ಲಿ ಸೀಸ ಇದೆ, ಮನೆಯಲ್ಲಿ ಇಬ್ಬರಿಗೆ ವಿಷವೇರಿದೆ ಎಂದೆ, ನನ್ನ ದನಿ ಬೀದಿಗೆಲ್ಲ ಕೇಳುತ್ತಿತ್ತು. ಅವನು ಜಗಳಕ್ಕೂ ಬರಲಿಲ್ಲ. "ಮಾಲು ಬಂದ ಹಾಗೆ ಮಾರ್ತೀವಿ ಮೇಡಂ. ಎಲ್ಲರೂ ಇದನ್ನೇ ತಗೊಂಡೋಗ್ತಾರೆ, ಯಾರೂ ಏನೂ ಹೇಳಿಲ್ಲ." ನನ್ನ ಪಕ್ಕದಲ್ಲಿ ಅತ್ತೆಯ ವಯಸ್ಸಿನ ಹೆಂಗಸೊಬ್ಬರು ಒಂದು ಚೆಂಬನ್ನು ಕೈಯಲ್ಲಿ ಹಿಡಿದಿದ್ದರು. ದಯವಿಟ್ಟು ಬೇಡ, ಅಂಚು ಒತ್ತಿ ನೋಡಿ, ಒಳ್ಳೇ ಈಯ ಆದರೆ ಸದ್ದು ಮಾಡುತ್ತೆ ಎಂದೆ. ಅವರು ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು, ಅಂಗಡಿಯವನನ್ನು ನೋಡಿದರು. ಆಮೇಲೆ ಚೆಂಬನ್ನು ಅಂಗೈ ಮೇಲೆ ಆಡಿಸಿ, "ಇಲ್ಲಮ್ಮ, ಗಟ್ಟಿಯಾಗಿದೆ" ಎಂದು ಮೆಲ್ಲಗೆ ಹೇಳಿ, ಕಟ್ಟಿಕೊಡಲು ಕೊಟ್ಟರು. ಗಂಡ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ. ಆ ಹೆಂಗಸಿನ ಮನೆಯಲ್ಲಿ ಯಾರಿದ್ದರೋ ಎಂದು ಈಗಲೂ ಯೋಚಿಸುತ್ತೇನೆ.

ಮಗಳು ದಿನ ತುಂಬಿ ಹುಟ್ಟಿದಳು. ಅತ್ತಳು, ಹಾಲು ಕುಡಿದಳು, ಬೆರಳು ಹತ್ತಕ್ಕೆ ಹತ್ತೂ ಇದ್ದವು. ಅವಳ ರಕ್ತದಲ್ಲೂ ಸೀಸವಿತ್ತು. ಹೆಚ್ಚಿರಲಿಲ್ಲ, ಇರಲೇ ಇಲ್ಲ ಎನ್ನುವ ಹಾಗೂ ಇರಲಿಲ್ಲ. ನೋಡುತ್ತಾ ಇರೋಣ ಎಂದರು ಡಾಕ್ಟರು. ಅಂದಿನಿಂದ ನಾವು ನೋಡುತ್ತಲೇ ಇದ್ದೇವೆ. ಕತ್ತು ನಿಂತಿತು, ಮಗುಚಿದಳು, ಅಂಬೆಗಾಲಿಟ್ಟಳು, ಎಲ್ಲವೂ ಸ್ವಲ್ಪ ತಡ, ಆದರೆ ಡಾಕ್ಟರು ಹೇಳಿದ ಗಡುವಿನೊಳಗೇ. ಬೇರೆ ತಾಯಂದಿರು ಮಗು ಕೂತರೆ ಫೋಟೋ ತೆಗೆಯುತ್ತಾರೆ. ನಾನು ಮೊದಲು ಪಕ್ಕದ ಮನೆಯ ಮಗು ಯಾವಾಗ ಕೂತಿತ್ತು ಎಂದು ವಿಚಾರಿಸುತ್ತಿದ್ದೆ.

ಈಗ ನಮ್ಮ ಅಡುಗೆಮನೆಯಲ್ಲಿ ಒಂದು ಕಾವಲಿ, ಒಂದು ಬಾಂಡ್ಲಿ, ಒಂದು ಕುಕ್ಕರ್, ಎರಡು ಸ್ಟೀಲ್ ಪಾತ್ರೆ ಇವೆ. ಸಾರು ಸ್ಟೀಲಿನಲ್ಲೇ ಆಗುತ್ತದೆ, ನಾನೇ ಮಾಡುತ್ತೇನೆ. ಅತ್ತೆಯ ಕೈ ಅರ್ಧ ವಾಸಿಯಾಗಿದೆ. ಲೋಟ ಹಿಡಿಯುತ್ತಾರೆ, ಸೌಟು ಹಿಡಿಯುವುದಿಲ್ಲ. ಹಿಡಿಯಲಾರರೋ ಹಿಡಿಯಲೊಲ್ಲರೋ ನಾನು ಕೇಳಿಲ್ಲ. ಅಡುಗೆಮನೆಯ ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಒಗ್ಗರಣೆ ಸೀದರೂ ಒಂದು ಮಾತು ಆಡುವುದಿಲ್ಲ. ಅವರ ಗದರಿಕೆಗೆ ನಾನು ಎಷ್ಟು ಒಗ್ಗಿಹೋಗಿದ್ದೆ ಎನ್ನುವುದು ಈಗ ಗೊತ್ತಾಗುತ್ತಿದೆ.

ಮಗಳಿಗೆ ಎರಡೂವರೆ ವರ್ಷ. ಇನ್ನೂ ಮಾತು ಬಂದಿಲ್ಲ. ಅಮ್ಮ ಎಂದೂ ಅಂದಿಲ್ಲ. ಕಿವಿ ಸರಿಯಿದೆ, ಪರೀಕ್ಷೆ ಮಾಡಿಸಿದ್ದೇವೆ. ನೆಂಟರು, ಇವಳಪ್ಪನೂ ಮೂರಕ್ಕೇ ಮಾತಾಡಿದ್ದು, ಸುಮ್ಮನೆ ಯಾಕೆ ಹೆದರ್ತೀಯ ಎನ್ನುತ್ತಾರೆ. ನಿಜವಿರಬಹುದು. ಡಾಕ್ಟರನ್ನು ಕೇಳಿದರೆ, ಇದರಿಂದಲೇ ಅಂತ ಹೇಳೋಕಾಗಲ್ಲ, ಇದರಿಂದ ಅಲ್ಲ ಅಂತಲೂ ಹೇಳೋಕಾಗಲ್ಲ ಎನ್ನುತ್ತಾರೆ. ನಾನು ಬೆಳಿಗ್ಗೆ ಎದ್ದು ಮೊದಲು ಅವಳ ಬಾಯಿ ನೋಡುತ್ತೇನೆ.

ಮಾತು ಕಲಿಸುವುದನ್ನು ಅತ್ತೆ ತಾವೇ ವಹಿಸಿಕೊಂಡಿದ್ದಾರೆ. ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಪದ ಹೇಳಿಕೊಡುತ್ತಾರೆ. ನೀರು. ಹಾಲು. ಹೂವು. ಪ್ರತಿ ಪದವನ್ನೂ ತುಟಿ ಅಗಲಿಸಿ, ನಿಧಾನವಾಗಿ, ಬೇಸರವಿಲ್ಲದೆ. ತಾಳ್ಮೆಯ ಹೆಂಗಸಾಗಿರಲಿಲ್ಲ ಅವರು ಎಂದೂ. ಮೊನ್ನೆ ಹಾಗೇ ಹೇಳಿಕೊಡುತ್ತಿದ್ದವರು ನಿಲ್ಲಿಸಿದರು. ನಾನು ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದೆ.

"ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು" ಎಂದರು. "ಇವಳಿಗೆ ಮಾತು ಬರದೇ ಇರೋದು ನನ್ನಿಂದಾನೇನೇ?"

ಈ ಪ್ರಶ್ನೆ ಎಂದೋ ಬರುತ್ತದೆಂದು ನನಗೆ ಗೊತ್ತಿತ್ತು. ಹೌದು ಎಂದು ಕೂಗಿ ಹೇಳುವ ಆಸೆಯಿಂದ ಎಷ್ಟೋ ದಿನ ಕಾದಿದ್ದೆ. ಆಮೇಲೆ ಎಷ್ಟೋ ದಿನ, ಇಲ್ಲ ಅತ್ತೆ, ಹಾಗೆಲ್ಲ ಅಂದ್ಕೋಬೇಡಿ ಎನ್ನುವ ಮಾತನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವರ ಜೋತ ಕೈ ಮಗಳ ಹೊಟ್ಟೆಯ ಮುಂದೆ ಅಡ್ಡವಾಗಿತ್ತು, ಅವಳು ಬೀಳದ ಹಾಗೆ. ನನಗೆ ಸಿಟ್ಟೂ ಬರಲಿಲ್ಲ, ಸುಳ್ಳೂ ಬರಲಿಲ್ಲ.

"ಗೊತ್ತಿಲ್ಲ ಅತ್ತೆ" ಎಂದೆ.

ಅವರು ತಲೆಯಾಡಿಸಿದರು. ಮಗಳನ್ನು ತಮ್ಮ ಕಡೆ ತಿರುಗಿಸಿಕೊಂಡು, "ನೀರು ಅನ್ನು, ಪುಟ್ಟ. ನೀ...ರು" ಎಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಮಗಳು ಅವರ ಬಾಯನ್ನೇ ನೋಡುತ್ತಿದ್ದಳು.